ಏನೂ ಇಲ್ಲದ ಊರುಗಳ ಮುನಿಯತ್ತೆ

ಸಿಂಧು, ಚೇತನ, ಪುಟ್ಟ ಮೇಘ, ನಿಮ್ಮ ಮೂವರಿಗೂ ಇದನ್ನು ಬರೆಯುತ್ತಿದ್ದೇನೆ. ಹೋದ ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಸಿಂಧು, "ಅಜ್ಜಿ, ನೀನು ದೇವನಹಳ್ಳಿ ಕಡೆಯವಳು, ತಾತನ ಊರು ಎಲ್ಲೋ ಗುಡ್ಡದ ಹಿಂದೆ. ಆ ಕಾಲದಲ್ಲಿ ನಿಮ್ಮಿಬ್ಬರಿಗೆ ಮದುವೆ ಹೇಗಾಯಿತು?" ಎಂದು ಕೇಳಿದಳು. ನಾನು ಸಾರಿನ ಪಾತ್ರೆ ಎತ್ತಿಕೊಂಡು, ಬಿಸಿ ಮಾಡಿ ತರುತ್ತೇನೆಂದು ಅಡುಗೆಮನೆಗೆ ಹೋಗಿಬಿಟ್ಟೆ. ಸಾರು ಬಿಸಿಯಾಗಿಯೇ ಇತ್ತು. ನಾಲ್ಕು ಜನರ ಮುಂದೆ ಬಾಯಿ ಬಿಡಲು ಈ ವಯಸ್ಸಿನಲ್ಲೂ ನನ್ನಿಂದ ಆಗುವುದಿಲ್ಲ. ಬರೆಯಲು ಆಗುತ್ತದೆ. ನಮ್ಮೂರಿನ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಓದಿದ್ದೇನೆ. ಅಕ್ಷರ ದಪ್ಪ, ತಪ್ಪಿದ್ದರೆ ತಿದ್ದಿಕೊಳ್ಳಿ. ಸಿಂಧುವಿನ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲು ನಿಮಗೆ ನಮ್ಮ ಮುನಿಯತ್ತೆಯನ್ನು ತೋರಿಸಬೇಕು.

ಮುನಿಯತ್ತೆಯ ಎದುರಿಗೆ ಯಾವ ಊರಿನ ಬಗ್ಗೆಯೂ "ಅಲ್ಲೇನೂ ಇಲ್ಲ" ಎನ್ನಬಾರದಿತ್ತು. ಅಂದರೆ ಮುಗಿಯಿತು. ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದವಳು ಕುಡುಗೋಲು ಕೆಳಗಿಟ್ಟು, "ಏನೂ ಇಲ್ವಾ? ನೀನು ನೋಡ್ಕೊಂಡ್ ಬಂದ್ಯಾ?" ಎಂದು ಕೇಳುತ್ತಿದ್ದಳು. ಹಾಗೆಂದವರು ತಡವರಿಸಿದರೆ ಅವಳ ಕಣ್ಣು ಆಗಲೇ ಗೂಟಕ್ಕೆ ಸಿಕ್ಕಿಸಿದ್ದ ಕೊಡೆಯ ಮೇಲೆ. ಅದು ಗಂಡಸರ ಕರಿ ಕೊಡೆ, ಒಂದು ಕಡ್ಡಿ ಮುರಿದು ರೆಕ್ಕೆ ಬಿದ್ದ ಕಾಗೆಯ ಹಾಗೆ ಇತ್ತು. ಆ ಕೊಡೆ, ಒಂದು ಹಿತ್ತಾಳೆ ಚೊಂಬು, ಬಟ್ಟೆಯಲ್ಲಿ ಕಟ್ಟಿದ ರಾಗಿರೊಟ್ಟಿ, ಇಷ್ಟೇ ಅವಳ ಸಾಮಾನು. ಚಪ್ಪಲಿ ಸವೆಯುತ್ತದೆಂದು ದಾರಿಯುದ್ದಕ್ಕೂ ಕೈಯಲ್ಲಿ ಹಿಡಿದು ನಡೆದು, ಊರು ಕಂಡ ಮೇಲೆ ಹಾಕಿಕೊಳ್ಳುತ್ತಿದ್ದಳು. "ಊರ್ಗೆ ಮರ್ಯಾದೆ ಕೊಡ್ಬೇಕು. ದಾರಿಗೇನು, ಅದು ನಮ್ಮದೇ," ಎನ್ನುವುದು ಅವಳ ವಾದ.

ಕಾಶಿ, ತಿರುಪತಿಗೆ ಹೋಗಿಬಂದವರು ಊರಿಗೆಲ್ಲ ಪ್ರಸಾದ ಹಂಚುತ್ತಿದ್ದರು. ಅತ್ತೆ ಪ್ರಸಾದ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದಳು, ಆದರೆ ಆ ಊರುಗಳ ಕಥೆ ಕೇಳುತ್ತಿರಲಿಲ್ಲ. ನನಗೆ ಒಮ್ಮೆ ಹೇಳಿದಳು: "ಕಾಶಿಗೆ ಸಾವ್ರ ಜನ ಹೋಗ್ತಾರೆ ಕಣೆ ಲಚ್ಚಿ. ನಾನೊಬ್ಳು ಹೋಗ್ಲಿಲ್ಲ ಅಂತ ಕಾಶಿ ಏನ್ ಅಳಲ್ಲ. ಯಾರೂ ಹೋಗ್ದೆ ಇರೋ ಊರೈತಲ್ಲ, ಅದು ಕೂತ್ಕೊಂಡು ದಾರಿ ನೋಡ್ತಿರ್ತದೆ."

ಮುನಿಯತ್ತೆ ನಮ್ಮಪ್ಪನ ಅಕ್ಕ. ನಮ್ಮೂರಿಗೇ ಕೊಟ್ಟಿದ್ದರು, ಮೂರು ಮನೆ ಆಚೆ. ಮಕ್ಕಳಿರಲಿಲ್ಲ. ಗಂಡ ಚನ್ನಪ್ಪ ಮಾವ ರೇಷ್ಮೆಹುಳ ಸಾಕುತ್ತಿದ್ದ. ಆಗ ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಆದರೆ ರೇಷ್ಮೆಗೂಡಿಗೆ ಒಳ್ಳೆಯ ಗಿರಾಕಿ. ಮಾವ ಮಾತು ಕಡಿಮೆಯ ಮನುಷ್ಯ. ಹುಳಕ್ಕೆ ಗದ್ದಲ ಆಗುವುದಿಲ್ಲ ಎಂದು ಹುಳವಿಲ್ಲದಾಗಲೂ ಪಿಸುಮಾತಿನಲ್ಲೇ ಇರುತ್ತಿದ್ದ. ಹೆಂಡತಿಯ ತಿರುಗಾಟದ ಬಗ್ಗೆ ಯಾರಾದರೂ ಚುಚ್ಚಿದರೆ, "ವಾಪಸ್ ಬರ್ತಾಳಲ್ಲ ಬಿಡಿ," ಎಂದು ಮತ್ತೆ ಹುಳದ ತಟ್ಟೆಯ ಕಡೆ ಬಾಗುತ್ತಿದ್ದ. ಅತ್ತೆಯ ಪ್ರಯಾಣವೆಲ್ಲ ಹುಳದ ಲೆಕ್ಕದಲ್ಲೇ. ಹುಳ ಪೊರೆ ಕಳಚಲು ಮೇವು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಮಲಗಿದರೆ ಸೊಪ್ಪು ಹಾಕುವಂತಿಲ್ಲ, ಆಗ ಬೆಳಗ್ಗೆ ಹೋಗಿ ಸಂಜೆ ಬರುವ ಊರು. ಗೂಡು ಬಿಡಿಸಿ ಸಾಗಿಸಿದ ಮೇಲೆ ಮುಂದಿನ ಮೊಟ್ಟೆ ಬರುವವರೆಗೆ ಮೂರು ನಾಲ್ಕು ದಿನ ಬಿಡುವು, ಆಗ ದೂರದ ಊರು.

ಆದರೂ ಒಂದು ಅಡ್ಡಿಯಿತ್ತು. ಅವಳ ಅತ್ತೆ, ಮುದುಕಿ ಕೆಂಪಮ್ಮ, ಹೊಸ್ತಿಲ ಪಕ್ಕದಲ್ಲೇ ಕೂತಿರುತ್ತಿದ್ದಳು. ಹೆಂಗಸು ಸುಮ್ಮಸುಮ್ಮನೆ ಊರು ನೋಡಲು ಹೋಗುವುದೆಂದರೆ ಕೆಂಪಮ್ಮನ ತಲೆಗೆ ಹೋಗುವ ಮಾತಲ್ಲ. ಕಾರಣ ಬೇಕು. ಆ ಕಾರಣ ನಾನಾಗಿದ್ದೆ.

ನಮ್ಮ ಕಡೆ ಹುಡುಗಿಯ ಮೇಲೆ ಮೊದಲ ಹಕ್ಕು ಸೋದರತ್ತೆಗೆ. ಅವಳಿಗೆ ಮಗನಿದ್ದರೆ ಅವನಿಗೇ ತಂದುಕೊಳ್ಳುತ್ತಾಳೆ. ಮುನಿಯತ್ತೆ ಇದನ್ನೇ ಹಿಡಿದುಕೊಂಡಳು. "ನಂಗೊಬ್ಬ ಮಗ ಇದ್ದಿದ್ರೆ ಲಚ್ಚೀನ ನಾನೇ ತಂದ್ಕೊತಿದ್ದೆ. ದೇವ್ರು ಕೊಡ್ಲಿಲ್ಲ. ಅವ್ಳಿಗೆ ಗಂಡು ಹುಡ್ಕೋದಾದ್ರೂ ನನ್ನ ಪಾಲಿಗಿರ್ಲಿ," ಎಂದು ಸೆರಗನ್ನು ಕಣ್ಣಿಗೆ ಒತ್ತಿ ಹೇಳಿದರೆ ಕೆಂಪಮ್ಮನೂ ಸೈ, ನಮ್ಮಪ್ಪನೂ ಸೈ. ನನಗೆ ಹನ್ನೆರಡು ತುಂಬಿದಾಗಿನಿಂದ ಅವಳು ಗಂಡು ಹುಡುಕಿದ್ದೇ ಹುಡುಕಿದ್ದು.

ದೊಡ್ಡಬಳ್ಳಾಪುರಕ್ಕೆ ಹೋಗುವ ಬಸ್ಸು ಆಗ ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ಹಿಂದೆ ಒಂದು ದೊಡ್ಡ ಒಲೆ ಕಟ್ಟಿರುತ್ತಿದ್ದರು, ಅದಕ್ಕೆ ಇದ್ದಿಲು ತುಂಬಿ ಗಾಳಿ ತಿರುಗಿಸುತ್ತಿದ್ದರು. ಏರು ಬಂದರೆ ಜನ ಇಳಿದು ನೂಕಬೇಕು. ಅದರ ಡ್ರೈವರ್ ಒಬ್ಬ ಸಾಬರು, ಅತ್ತೆ ಅವರನ್ನು ಸಾಬಣ್ಣ ಎನ್ನುತ್ತಿದ್ದಳು. ಅವರು ಅವಳನ್ನು ಕಂಡರೆ ಸುಮ್ಮನೆ ಬಿಡುತ್ತಿರಲಿಲ್ಲ.

"ಕ್ಯಾ ಅಮ್ಮಾ, ಈ ಸಲ ಯಾವ ಊರು? ನಮ್ ಬಸ್ ಹೋಗೋ ಊರ್ನಾಗೆ ಗಂಡು ಹುಟ್ಟೋದೇ ಇಲ್ವಾ?"

"ಹುಟ್ತವೆ ಸಾಬಣ್ಣ. ಬಸ್ ಹೊಗೆ ಕುಡ್ದು ಕರ್ರಗಾಗೋಗವೆ."

ಹೋಗಿ ಬಂದ ಮೇಲೆ ಅವಳು ನೇರವಾಗಿ ಹುಳದ ಮನೆಗೆ ಬಂದು ನನ್ನನ್ನು ಕೂಗುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಒಲೆಯಿಂದ ಒಂದು ಇದ್ದಿಲು ತಂದು ನನ್ನ ಕೈಗೆ ಕೊಟ್ಟು, ಒಳಗಿನ ಗೋಡೆಯ ಮೂಲೆಯಲ್ಲಿ, ಹುಳ ಗೂಡು ಕಟ್ಟುವ ಚಂದ್ರಂಕಿ ತಟ್ಟೆಗಳನ್ನು ಒರಗಿಸಿಡುವ ಕಡೆ, "ಬರಿ" ಎನ್ನುತ್ತಿದ್ದಳು. ಮೊದಲು ಊರಿನ ಹೆಸರು. ಆಮೇಲೆ ಅಲ್ಲಿ ಕಂಡದ್ದು. ಕೊನೆಗೆ ಹುಡುಗನ ಕೊರತೆ. ಕೊರತೆ ಏಕೆಂದರೆ, ಮನೆಯಲ್ಲಿ ಒಂದೊಂದು ಗಂಡಿಗೂ ಒಂದೊಂದು ನೆಪ ಹೇಳಬೇಕು, ಮತ್ತೆ ಕೇಳಿದರೆ ಅದೇ ನೆಪ ನೆನಪಿರಬೇಕು.

ಅನುಗೊಂಡನಹಳ್ಳಿಯಿಂದಾಚೆ ಒಂದು ಸಣ್ಣ ಹಳ್ಳಿಗೆ ಹೋಗಿಬಂದಾಗ ನಗುತ್ತಲೇ ಬಂದಳು. ಅಲ್ಲೊಬ್ಬ ಅಜ್ಜಿ ಅವಳಿಗೆ, "ನೀಳ್ಳು ಕೊಂಜಂ ಕುಡ್ಕೊಂಡು ಪೋಮ್ಮಾ" ಅಂದಳಂತೆ. "ಒಂದೇ ಲೋಟ ನೀರಿಗೆ ತೆಲುಗು, ತಮಿಳು, ಕನ್ನಡ ಮೂರನ್ನೂ ಹಾಕಿ ಕೊಟ್ಲು ಕಣೆ! ಬರಿ, ಮರ್ತೋಗ್ತದೆ."

"ಹುಡುಗನ ಕೊರತೆ?"

"ಗೊರಕೆ ಹೊಡೀತಾನೆ."

"ಅವನು ಮಲಗಿದ್ದನ್ನ ನೋಡಿದ್ಯಾ ಅತ್ತೆ?"

"ಮೂಗು ನೋಡಿದ್ರೆ ಗೊತ್ತಾಗಲ್ವಾ? ಬರಿ ನೀನು."

ಅವಳಿಗೆ ಒಂದು ಚಪಲವಿತ್ತು, ಎಲೆ ಅಡಿಕೆ. ಮನೆಯಲ್ಲಿ ಬಾಯಿ ಸದಾ ಕೆಂಪು. ಆದರೆ ಗಂಡು ನೋಡುವ ನೆಪದಲ್ಲಿ ಹೋದ ಮನೆಯಲ್ಲಿ ಎಲೆಯನ್ನು ಮುಟ್ಟುತ್ತಿರಲಿಲ್ಲ. ಸಂಬಂಧದ ಮಾತು ಎತ್ತಿದ ಮನೆಯಲ್ಲಿ ಎಲೆ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡರೆ ಮಾತು ಕೊಟ್ಟಂತೆಯೇ. ಅವರು ತಟ್ಟೆ ಮುಂದಿಟ್ಟರೆ, "ನನ್ ತಮ್ಮ ಬಂದು ಹಿಡೀತಾನೆ" ಎಂದು ಬದಿಗೆ ಸರಿಸಿ ಬರುತ್ತಿದ್ದಳು. "ಅದೊಂದು ಕಷ್ಟ ನೋಡು," ಎಂದು ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದಳು. "ಎಂಥೆಂಥಾ ಎಲೆ ಬಿಟ್ ಬಂದಿದೀನಿ!"

ಒಮ್ಮೆ ನನ್ನನ್ನೂ ಕರೆದುಕೊಂಡು ಹೋದಳು, ರಾಜಘಟ್ಟಕ್ಕೆ. ಹುಳ ಎರಡನೇ ಜ್ವರಕ್ಕೆ ಮಲಗಿದ್ದ ದಿನ. ದೊಡ್ಡಬಳ್ಳಾಪುರದಲ್ಲಿ ಇಳಿದು ನಡೆದೆವು. ಊರಾಚೆ ಹೊಲದ ಮಧ್ಯೆ ಮಣ್ಣಿನ ದಿಬ್ಬ, ಅದರಲ್ಲಿ ಅಲ್ಲಲ್ಲಿ ಇಟ್ಟಿಗೆ. ಈಗಿನ ಇಟ್ಟಿಗೆಯಲ್ಲ, ನನ್ನ ಎರಡು ಅಂಗೈ ಸೇರಿಸಿದರೂ ಮುಚ್ಚದಷ್ಟು ಅಗಲ. ಉಳುತ್ತಿದ್ದ ರೈತನೊಬ್ಬ ನೇಗಿಲು ನಿಲ್ಲಿಸಿ, "ಅಲ್ಲೇನೈತಮ್ಮಾ, ಹಳೇ ಇಟ್ಗೆ" ಅಂದ. ಅತ್ತೆ ಕುಕ್ಕುರುಗಾಲಿನಲ್ಲಿ ಕೂತು ಮಣ್ಣು ಕೆದಕಿದಳು. ಬುಗುರಿಯಂಥ ಒಂದು ಪುಟ್ಟ ಮಣ್ಣಿನ ಉಂಡೆ ಸಿಕ್ಕಿತು. ಉಜ್ಜಿ, ಊದಿ, ತಿರುಗಿಸಿ ನೋಡಿದಳು. "ಯಾವ್ದೋ ಪುಣ್ಯಾತ್ಮ ಕೈಯಾಗೆ ಮಾಡವ್ನೆ. ಬೆರಳಚ್ಚು ನೋಡು," ಎಂದು ನನ್ನ ಬೆರಳನ್ನು ಅದರ ಮೇಲಿಟ್ಟಳು. ಆಮೇಲೆ ಎಲ್ಲಿತ್ತೋ ಅಲ್ಲೇ ಇಟ್ಟು ಮಣ್ಣು ಮುಚ್ಚಿದಳು. ಎಷ್ಟೋ ವರ್ಷಗಳ ಮೇಲೆ ಓದಿದವರು ಬಂದು ಅಲ್ಲಿ ಅಗೆದು, ಅದು ಬಹಳ ಹಿಂದಿನ ಕಾಲದ ಜಾಗ ಎಂದರಂತೆ. ಪೇಪರಿನಲ್ಲಿ ಓದಿದಾಗ ನನ್ನ ಬೆರಳಿನ ತುದಿ ಜುಮ್ಮೆಂದಿತು.

ಊರೊಳಗೆ ನೀರು ಕುಡಿಯಲು ಒಂದು ಮನೆಗೆ ಹೋದೆವು. ಮನೆಯಾಕೆ ಯಾವ ಊರು, ಏನು ಬಂದಿರಿ ಎಂದಳು. ಅತ್ತೆ ನನ್ನ ಎದುರಿಗೇ, "ಇವ್ಳಿಗೊಂದ್ ಗಂಡು ನೋಡನಾ ಅಂತ" ಅಂದುಬಿಟ್ಟಳು. ಆಕೆ ಒಳಗಿನಿಂದ ಮಗನನ್ನು ಕರೆದಳು. ನಾನು ಕಂಬದ ಹಿಂದೆ ಹೋಗಿ ನಿಂತೆ. ಬಸ್ಸಿನಲ್ಲಿ ಬರುವಾಗ ಅಳು ತಡೆಯಲಾಗಲಿಲ್ಲ. ಅವಳು ಬಗ್ಗಿ ನೋಡಿದಳು.

"ಯಾಕೆ? ಆ ಹುಡ್ಗ ಇಷ್ಟ ಆಗ್ಲಿಲ್ವಾ?"

"ನಂಗೆ ಮದ್ವೆ ಬೇಡ ಅತ್ತೆ."

"ಅಯ್ಯೋ ಪೆದ್ದಿ, ನಿಂಗೆ ಮದ್ವೆ ಯಾರು ಮಾಡ್ತಾರೆ? ನಿಂಗೆ ಮದ್ವೆ ಆದ್ ದಿನ ನನ್ ಕಾಲು ಮುರ್ದಂಗೆ. ಆಮೇಲೆ ಯಾರ್ಗೆ ಗಂಡು ಹುಡ್ಕ್ಲಿ, ನಿಮ್ಮಪ್ಪಂಗಾ?"

ಆವತ್ತು ನನಗೆ ಅರ್ಥವಾಯಿತು. ನನಗೆ ಗಂಡು ಸಿಗದಿರುವಷ್ಟು ದಿನ ಮಾತ್ರ ಅವಳ ನಡಿಗೆ. ಅಳು ನಿಂತಿತು, ಧೈರ್ಯ ಬಂತು. ಮನೆಗೆ ಬಂದು ನಾನೇ ಕೇಳಿ ಬರೆದೆ: ರಾಜಘಟ್ಟ, ಮಣ್ಣಿನ ಬುಗುರಿ, ಹುಡುಗನ ಕಿವಿ ದೊಡ್ಡದು.

ಹೀಗೆ ಮೂರು ವರ್ಷ ನಡೆಯಿತು. ಯುಗಾದಿಗೆ ಸುಣ್ಣ ಹೊಡೆದಾಗ ಗೋಡೆ ಬಿಳಿಯಾಗುತ್ತಿತ್ತು, ಅತ್ತೆ ಮತ್ತೆ ಮೊದಲಿನಿಂದ ಹೇಳಿ ಬರೆಸುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ. ನನಗೆ ಹದಿನೈದು ತುಂಬಿದ ವರ್ಷ, ಬಸ್ಸು ಏರಿನಲ್ಲಿ ನಿಂತು ಎಲ್ಲರೂ ನೂಕುತ್ತಿದ್ದಾಗ, ಅವಳ ಪಕ್ಕ ನೂಕುತ್ತಿದ್ದವನು ತಾನು ಹಿಂದಲಬೋರೆಯವನು ಅಂದನಂತೆ. ದಾಬಸ್‌ಪೇಟೆಯ ಕಡೆಯಿಂದ ಒಳಕ್ಕೆ, ಗುಡ್ಡದ ಹಿಂದೆ. ಅಲ್ಲೇನಿದೆ ಎಂದು ಇವಳು ಕೇಳಿದಳು. "ನಮ್ಮೂರಾಗಾ? ಏನೂ ಇಲ್ಲ ಬಿಡಮ್ಮ, ಗಾಡಿ ದಾರಿನೂ ಇಲ್ಲ. ಗುಡ್ಡದ್ ಮ್ಯಾಲೆ ನಾಕು ಮೀನವೆ, ಅಷ್ಟೆ."

ಗುಡ್ಡದ ಮೇಲೆ ಮೀನು! ಆ ಗೂಡು ಬಿಡಿಸುವವರೆಗೆ ಅತ್ತೆ ಊಟ ಮಾಡುತ್ತಿದ್ದಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಹೋಗಿ ನಾಲ್ಕನೇ ದಿನಕ್ಕೆ ಬಂದಳು. ಈ ಸಲ ನಗಲಿಲ್ಲ, ಬಾಗಿಲು ಮುಂದೆ ಮಾಡಿಕೊಂಡು ನನ್ನನ್ನು ಹತ್ತಿರ ಕೂರಿಸಿಕೊಂಡಳು. ಗುಡ್ಡದ ನೆತ್ತಿಯಲ್ಲಿ ಬಂಡೆಯ ನಡುವೆ ನೀರು ನಿಲ್ಲುವ ಒಂದು ದೊಣೆ ಇದೆ. ಅದರಲ್ಲಿ ನಿಜವಾಗಿಯೂ ಮೀನು. ಊರವರು ದೇವರ ಮೀನು ಎಂದು ಕೈ ಮುಗಿಯುತ್ತಾರೆ, ಬಂಡೆಯ ಮೇಲೆ ಕಾಯಿ ಒಡೆದ ಗುರುತು, ಅರಿಶಿನ ಕುಂಕುಮ. ಅತ್ತೆಗೆ ಸಮಾಧಾನವಾಗಲಿಲ್ಲ. ನೀರು ಮೇಲಿಂದ ಬೀಳುತ್ತದೆ, ಮೀನು ಬೀಳುತ್ತದೆಯೇ? ಅರ್ಧ ದಿನ ದೊಣೆಯ ಪಕ್ಕದಲ್ಲೇ ಕೂತಳು. ಬಿಸಿಲು ಇಳಿಯುವಾಗ ಒಬ್ಬ ಹುಡುಗ, ಇಪ್ಪತ್ತರ ಆಸುಪಾಸಿನವನು, ಟವೆಲಿನ ತುದಿಯಲ್ಲಿ ರಾಗಿ ಅರಳು ಕಟ್ಟಿಕೊಂಡು ಹತ್ತಿ ಬಂದು ಮೀನಿಗೆ ಹಾಕಿದ. ಅತ್ತೆ ಕೇಳಿದಳು. ಅವನು ಹಿಂದೆ ಮುಂದೆ ನೋಡಿದ.

"ಯಾರ್ಗೂ ಹೇಳ್ಬೇಡಿ ಅಮ್ಮಾ. ನಾನೇ ತಂದ್ ಬಿಟ್ಟಿದ್ದು."

ಎರಡು ಬೇಸಿಗೆಯ ಹಿಂದೆ ಊರಿನ ಕೆರೆ ತಳ ಕಂಡಿತ್ತಂತೆ. ಕೆಸರಿನಲ್ಲಿ ಒದ್ದಾಡುವ ಮೀನನ್ನು ಜನ ಬುಟ್ಟಿಯಲ್ಲಿ ತುಂಬುತ್ತಿದ್ದರು. ಇವನಿಗೆ ನೋಡಲಾಗಲಿಲ್ಲ. ಒಂದು ಗಡಿಗೆಗೆ ನೀರು ತುಂಬಿ, ಕೈಗೆ ಸಿಕ್ಕಿದ ಮರಿಗಳನ್ನು ಹಾಕಿಕೊಂಡು, ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದ. ಮಳೆ ಬಂದ ಮೇಲೆ ಮತ್ತೆ ಕೆರೆಗೆ ಬಿಡೋಣ ಎಂದಿದ್ದ. ಅಷ್ಟರಲ್ಲಿ ಯಾರೋ ನೋಡಿದರು.

"ಕಾಯಿ ಒಡ್ದ್ಬಿಟ್ರು ಅಮ್ಮಾ. ಕಾಯಿ ಒಡೆದ್ಮೇಲೆ ಹೆಂಗೆ ಕೆಳಗಿಳಿಸ್ಲಿ?"

ಇದನ್ನು ಹೇಳಿ ಅತ್ತೆ ಬಾಯಿಗೆ ಸೆರಗು ತುಂಬಿಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ಇದ್ದಿಲು ತೆಗೆದುಕೊಂಡು ಬರೆದೆ: ಹಿಂದಲಬೋರೆ, ಗುಡ್ಡದ ಮೇಲೆ ಮೀನು. ಗುಟ್ಟನ್ನು ಬರೆಯಲಿಲ್ಲ.

"ಹುಡುಗನ ಕೊರತೆ?"

ಅತ್ತೆ ಗೋಡೆಯನ್ನೇ ನೋಡಿದಳು. "ಸದ್ಯಕ್ಕೆ ಬಿಡು," ಎಂದು ಎದ್ದು ಹೋದಳು.

ಎಂಟು ದಿನ ಕಳೆದಿರಬೇಕು. ಮಧ್ಯಾಹ್ನ ನಮ್ಮ ಜಗಲಿಯ ಮುಂದೆ ಐದು ಜನ ಬಂದು ನಿಂತರು. ಮುಂದೆ ಒಬ್ಬಳು ಅಜ್ಜಿ, ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಎಲ್ಲರ ಮೊಣಕಾಲಿನವರೆಗೂ ಧೂಳು. ಅಪ್ಪ ಎದ್ದು ನಿಂತು ಯಾರು ಎಂದು ಕೇಳಿದ.

"ಹಿಂದಲಬೋರೆಯಿಂದ ಬಂದ್ವಪ್ಪ. ಮುನಿಯಮ್ಮನ ತಮ್ಮ ಅಂದ್ರೆ ನೀವೇನಾ? ಹೆಣ್ಣು ನೋಡ್ಕೊಂಡು, ದಿನ ಗೊತ್ ಮಾಡ್ಕೊಂಡು ಹೋಗನಾ ಅಂತ."

"ದಿನಾನಾ? ಮಾತೇ ಆಗಿಲ್ವಲ್ಲಮ್ಮ!"

"ಆಗ್ದೆ ಏನು? ನಾನೇ ಕೈಯಾರೆ ಎಲೆ ಅಡಿಕೆ ಕೊಟ್ಟೆ. ಅವ್ರು ಹಿಡಿದವ್ರೆ, ಬಾಯ್ಗೂ ಹಾಕ್ಕೊಂಡವ್ರೆ. ಎರಡ್ ಸಲ!"

ಅಪ್ಪ ಅವರನ್ನು ಕೂರಿಸಿ, ಪಾನಕ ಮಾಡಲು ಅವ್ವನಿಗೆ ಹೇಳಿ, ಅತ್ತೆಯನ್ನು ಅಡುಗೆಮನೆಗೆ ಕರೆಸಿದ. ನಾನು ಅಲ್ಲೇ ನಿಂಬೆಹಣ್ಣು ಹಿಂಡುತ್ತಿದ್ದೆ.

"ಅಕ್ಕಾ, ಎಲೆ ಹಾಕ್ಕೊಂಡ್ಯಾ?"

"ಹಾಕ್ಕೊಂಡೆ."

"ಯಾಕೆ?"

"ಬಾಯಿ ಕೆಟ್ಟಿತ್ತು ಕಣೋ."

"ದಾರಿನೇ ಇಲ್ದಿರೋ ಊರಂತೆ! ಏನಾದ್ರೂ ಕೊರತೆ ಹೇಳಿ ಕಳ್ಸು. ದಿನಾ ಹೇಳ್ತೀಯಲ್ಲ."

ಅತ್ತೆ ನನ್ನ ಕೈಯಿಂದ ನಿಂಬೆಹಣ್ಣು ಕಿತ್ತುಕೊಂಡು ತಾನೇ ಹಿಂಡತೊಡಗಿದಳು.

ಅಷ್ಟರಲ್ಲಿ ಆಚೆ ಒಂದು ಅನಾಹುತವಾಗುತ್ತಿತ್ತು. ಬಂದವರು ರೇಷ್ಮೆಹುಳವನ್ನು ಎಂದೂ ಕಂಡವರಲ್ಲ. ಅಪ್ಪ ಒಳಗಿದ್ದಾನೆ, ಅವರನ್ನು ಮಾತನಾಡಿಸಬೇಕಲ್ಲ ಎಂದು ಚನ್ನಪ್ಪ ಮಾವ ಪಿಸುಮಾತಿನಲ್ಲೇ ಹುಳದ ಮನೆಗೆ ಕರೆದುಕೊಂಡು ಹೋದ. ತೋರಿಸಲೆಂದು ಮೂಲೆಯ ಚಂದ್ರಂಕಿಯನ್ನು ಎತ್ತಿದ. ಬಂದವರಲ್ಲಿ ಹುಡುಗನ ಚಿಕ್ಕಪ್ಪನಿಗೆ ಓದು ಬರುತ್ತಿತ್ತು. ಓದು ಬರುವವರು ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದ ಕಾಲ ಅದು. ನಾವು ಅಲ್ಲಿಗೆ ಓಡುವಷ್ಟರಲ್ಲಿ ಅವನ ದನಿ ಬೀದಿಗೆ ಕೇಳುತ್ತಿತ್ತು.

"ಹುಡುಗ ಗೊರಕೆ ಹೊಡೆಯುತ್ತಾನೆ... ಮಣ್ಣಿನ ಬುಗುರಿ, ಹುಡುಗನ ಕಿವಿ ದೊಡ್ಡದು... ಬಾವಲಿ ಮರ, ಹುಡುಗ ಮೊಸರು ತಿನ್ನುವುದಿಲ್ಲ... ಇದೇನು, ಹತ್ತೊಂಬತ್ತು ಊರೈತಲ್ಲ!"

ಎಲ್ಲರಿಗೂ ಎಲ್ಲವೂ ತಿಳಿಯಿತು. ಬರೆದ ಕೈ ನನ್ನದು. ನೆಲ ಬಿರಿಯಬಾರದೇ ಎನಿಸಿತು. ಮುದುಕಿ ಕೆಂಪಮ್ಮ ಕೋಲೂರಿಕೊಂಡು ಬಂದು, "ಗಂಡು ಹುಡ್ಕಕ್ಕಲ್ಲ, ಬಾವಲಿ ನೋಡಕ್ ಹೋಗಿದ್ದಾ ನೀನು? ಇನ್ ಮೇಲೆ ಹೊಸ್ತಿಲು ದಾಟು, ನೋಡ್ತೀನಿ!" ಎಂದು ಗುಡುಗಿದಳು.

ಆದರೆ ನನಗೆ ನೆನಪಿರುವುದು ಹುಡುಗನ ಅಜ್ಜಿಯ ಮುಖ. ಅವಳು ಕೂಗಲಿಲ್ಲ. ಬುಟ್ಟಿಯನ್ನು ಎದೆಗೆ ಅವಚಿಕೊಂಡು ಅತ್ತೆಯನ್ನೇ ನೋಡಿ ಹೇಳಿದಳು: "ನಮ್ಮೂರ್ಗೆ ಹೆಣ್ಣು ಕೊಡೋರು ಯಾರೂ ಬರಲ್ಲ ತಾಯಿ. ದಾರಿ ಇಲ್ಲ ಅಂತಾರೆ. ನಾಕು ವರ್ಷದಾಗೆ ಬಂದೋರು ನೀವೊಬ್ರೇ. ನೀವು ಹೋದ್ಮೇಲೆ ಊರೆಲ್ಲ ನಮ್ಮನೆ ಮುಂದೆ ಸೇರಿತ್ತು. ನೀವ್ ಬಂದಿದ್ದು ಮೀನು ನೋಡಕ್ಕಾ?"

ಅತ್ತೆ ಅವಳ ಮುಂದೆ ನೆಲಕ್ಕೆ ಕೂತುಬಿಟ್ಟಳು. "ತಪ್ಪಾಯ್ತು ಅಮ್ಮಾ. ನಾನು ಊರು ನೋಡ್ತಿದ್ದೆ. ಊರಾಗಿರೋರು ನನ್ನ ನೋಡ್ತಿದ್ರು ಅಂತ ನಂಗೆ ಹೊಳೀಲೇ ಇಲ್ಲ." ಸ್ವಲ್ಪ ತಡೆದು, "ಮೀನು ನೋಡಕ್ಕೇ ಬಂದಿದ್ದು. ಸುಳ್ಳು ಹೇಳಲ್ಲ. ಆದ್ರೆ ಎಲೆ ಹಿಡಿದಿದ್ದು ಮೀನಿಗಲ್ಲ," ಎಂದಳು.

ಚಿಕ್ಕಪ್ಪ ಇನ್ನೂ ಗೋಡೆಯ ಹತ್ತಿರವೇ ಬಗ್ಗಿದ್ದ. "ಅವ್ವಾ, ನಮ್ಮೂರೂ ಐತೆ ಇಲ್ಲಿ, ಕೊನೇಗೆ," ಎಂದ.

"ನಮ್ ಹುಡ್ಗನ್ ಮುಂದೆ ಏನ್ ಬರ್ದವ್ರೆ?" ಅಜ್ಜಿ ಕಣ್ಣೊರೆಸಿಕೊಂಡು ಕೇಳಿದಳು.

ಅವನು ಗೋಡೆಗೆ ಮೂಗು ತಾಗಿಸಿ ನೋಡಿದ. "ಏನೂ ಇಲ್ಲ."

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅವನು ಹೇಳಿದರೆ ಅದು 'ಬೇಡ' ಎಂದೇ ಆಗುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಕೈಯಲ್ಲಿ ಅವ್ವ ಹಿಂದೆಯೇ ತಂದುಕೊಟ್ಟ ಪಾನಕದ ಲೋಟಗಳ ತಟ್ಟೆ. ತಲೆ ಎತ್ತಲಿಲ್ಲ. ಎಲ್ಲಿಂದ ದನಿ ಬಂತೋ ತಿಳಿಯದು.

"ಆ ಮೀನು ಈಗ್ಲೂ ಅವ್ಯಾ ಅಜ್ಜಿ?"

ನಾಲ್ಕು ಜನರ ಮುಂದೆ ನಾನಾಗಿ ಆಡಿದ ಮಾತು ನನ್ನ ಜೀವನದಲ್ಲಿ ಅದೊಂದೇ ಇರಬೇಕು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮುಖ ಬಿಚ್ಚಿಕೊಂಡಿತು.

"ಅವೆ ಕಣವ್ವ. ಮರಿ ಹಾಕವೆ. ನಮ್ ಹುಡ್ಗ ದಿನಾ ಅರಳು ಹಾಕ್ತಾನೆ. ಭಾಳ ದೈವಭಕ್ತಿ ಅವಂಗೆ!"

ಅತ್ತೆ ಕೆಮ್ಮತೊಡಗಿದಳು. ನನ್ನ ತಟ್ಟೆಯಲ್ಲಿದ್ದ ಲೋಟಗಳು ಗಲಗಲ ಅಂದವು. ನಮ್ಮಿಬ್ಬರ ಮುಖ ನೋಡಿ ಅಪ್ಪನಿಗೆ ಏನು ಅರ್ಥವಾಯಿತೋ, ಬಾಯಿಗೆ ಬಂದಿದ್ದನ್ನು ನುಂಗಿಕೊಂಡು, "ಮೊದ್ಲು ಪಾನಕ ಕುಡೀರಿ," ಎಂದ. ಸಂಜೆಯ ಹೊತ್ತಿಗೆ ಅಪ್ಪನೂ ಎಲೆ ಹಿಡಿದ. ಆ ಹುಡುಗನೇ ನಿಮ್ಮ ತಾತ.

ಮದುವೆಯಾಗಿ ನಾನು ಗುಡ್ಡದ ಹಿಂದಕ್ಕೆ ಹೋದೆ. ಅತ್ತೆಯ ಕೊಡೆ ಗೂಟ ಸೇರಿತು. ಅವಳು ಸೊಪ್ಪಿನ ಬುಟ್ಟಿ ಹಿಡಿದು ಮನೆಯ ಸುತ್ತಲೇ ಸುತ್ತುತ್ತಾಳೆ, ಹೊಸ್ತಿಲ ಹತ್ತಿರ ಬಂದು ತಿರುಗುತ್ತಾಳೆ ಎಂದು ಅವ್ವ ಹೇಳಿ ಕಳಿಸಿದ್ದಳು. ಆದರೆ ಮೊದಲ ಗೌರಿ ಹಬ್ಬ ಬಂತು. ಮದುವೆಯಾದ ಹೆಣ್ಣಿಗೆ ತವರಿನಿಂದ ಬಾಗಿನ ಹೋಗಲೇಬೇಕು. ಗಾಡಿ ಹೋಗದ ಊರಿಗೆ ಮೊರ ಹೊತ್ತುಕೊಂಡು ನಡೆಯುವವರು ಯಾರು? ನಮ್ಮ ಕಡೆಯ ಗಂಡಸರಿಗೆಲ್ಲ ಆ ವಾರ ಕಾಲು ನೋವು. ಕೊನೆಗೆ ಮುದುಕಿ ಕೆಂಪಮ್ಮನೇ, "ಮುನಿಯಮ್ಮನ್ ಕಳ್ಸ್ರೋ, ಅವ್ಳಿಗೆ ದಾರಿ ಗೊತ್ತು," ಎಂದಳಂತೆ.

ಆಮೇಲೆ ಗೌರಿ ಹಬ್ಬಕ್ಕೆ, ಸಂಕ್ರಾಂತಿಗೆ, ನನ್ನ ಬಸಿರಿಗೆ, ಬಾಣಂತನಕ್ಕೆ ಅತ್ತೆಯೇ ಬರುತ್ತಿದ್ದಳು. ಎರಡು ದಿನದ ದಾರಿಗೆ ಐದು ದಿನ. ಒಂದು ಸಲ ಬಂದ ದಾರಿಯಲ್ಲಿ ಇನ್ನೊಂದು ಸಲ ಬರುತ್ತಿರಲಿಲ್ಲ. ಈಗ ನೆಪ ಹೇಳುತ್ತಿರಲಿಲ್ಲ. ಯಾವ ಹಳ್ಳಿಗೆ ಹೋದರೂ, "ನಿಮ್ಮೂರು ನೋಡಕ್ ಬಂದೆ, ನೀವ್ ಹೆಂಗಿದೀರಿ ಅಂತ ಕೇಳಕ್ ಬಂದೆ," ಎಂದು ನೇರವಾಗಿ ಹೇಳುತ್ತಿದ್ದಳಂತೆ. "ನಿಜ ಹೇಳಿದ್ರೆ ಜಾಸ್ತಿ ಹೊತ್ತು ಕೂರಿಸ್ಕೋತಾರೆ ಕಣೆ. ಎಲೆನೂ ಹಾಕ್ಕೊಬೌದು!" ಬಂದ ತಕ್ಷಣ ಇದ್ದಿಲು ಕೇಳುತ್ತಿದ್ದಳು. ನಮ್ಮ ಹಿತ್ತಲ ಗೋಡೆಯಲ್ಲೂ ಊರುಗಳು ತುಂಬಿದವು. ನಿಮ್ಮ ತಾತ ಪಕ್ಕದಲ್ಲಿ ನಿಂತು, "ನನ್ನ ಕೊರತೆಗೆ ಬಿಟ್ಟ ಜಾಗ ಈಗ ತುಂಬೌದು ಅತ್ತೆ, ಲಚ್ಚೀನ ಕೇಳಿ," ಎಂದು ಕಾಲೆಳೆಯುತ್ತಿದ್ದರು.

ಕೊನೆಯ ಸಲ ಬಂದದ್ದು ಸ್ವಾತಂತ್ರ್ಯ ಬಂದು ಎರಡು ವರ್ಷದ ಮೇಲೆ. ನಿಮ್ಮ ದೊಡ್ಡಪ್ಪ ಆಗ ತೊಟ್ಟಿಲಲ್ಲಿ. ಅತ್ತೆ ಸ್ವಲ್ಪ ಬಾಗಿದ್ದಳು, ಕೊಡೆ ಈಗ ಊರುಗೋಲಾಗಿತ್ತು. ಆದರೂ ದೊಣೆಯವರೆಗೆ ಹತ್ತಿದಳು. ನಾವಿಬ್ಬರೇ ಬಂಡೆಯ ಮೇಲೆ ಕೂತು ಮೀನಿಗೆ ಅರಳು ಹಾಕಿದೆವು. ಮೂರು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿದೆ.

"ಅತ್ತೆ, ಆವತ್ತು ಎಲೆ ಮರ್ತು ಹಾಕ್ಕೊಂಡ್ಯಾ, ಬೇಕಂತಲೇ ಹಾಕ್ಕೊಂಡ್ಯಾ? ನಂಗೆ ಮದ್ವೆ ಆದ್ರೆ ನಿನ್ ಕಾಲು ಮುರ್ದಂಗೆ ಅಂದಿದ್ದೆ."

ಅವಳು ಸೊಂಟದ ಚೀಲ ಬಿಚ್ಚಿ, ಒಂದು ಎಲೆಗೆ ಸುಣ್ಣ ಸವರಿ, ಮಡಿಸಿ ಬಾಯಿಗಿಟ್ಟುಕೊಂಡಳು.

"ಅಡಿಕೆ ಚೆನ್ನಾಗಿತ್ತು ಕಣೆ," ಎಂದಳು.

ಮಾರನೆಯ ಬೆಳಿಗ್ಗೆ ಹೊರಟಾಗ ಊರಿನ ದಾರಿ ಬಿಟ್ಟು ಗುಡ್ಡದ ಪಡುವಣ ಕಡೆಯ ಕುರಿಹಾದಿಗೆ ತಿರುಗಿದಳು. ನಾನು ಮಗುವನ್ನು ಸೊಂಟದಲ್ಲಿ ಹೊತ್ತು ಹಿಂದೆಯೇ ಓಡಿದೆ. "ಆ ಕಡೆ ಯಾಕೆ ಅತ್ತೆ? ಅಲ್ಲೇನೂ ಇಲ್ಲ!" ಎಂದು ಕೂಗಿದೆ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ತಿರುಗಿ ನಿಂತಳು. ಅಷ್ಟು ದೂರದಿಂದಲೂ ಕೆಂಪು ಬಾಯಿ ಕಾಣುತ್ತಿತ್ತು. ಚಪ್ಪಲಿಯನ್ನು ಕಾಲಿನಿಂದ ಬಿಚ್ಚಿ ಕೈಗೆ ತೆಗೆದುಕೊಂಡು ಹೋಗಿಯೇಬಿಟ್ಟಳು.

ಅಲ್ಲಿ ಏನಿತ್ತೋ ನನಗೆ ಗೊತ್ತಾಗಲಿಲ್ಲ. ಮನೆ ಸೇರಿ ಇಪ್ಪತ್ತು ದಿನಕ್ಕೆ, ಹುಳ ನಾಲ್ಕನೇ ಜ್ವರಕ್ಕೆ ಮಲಗಿದ್ದ ದಿನ, ಅತ್ತೆ ಮಧ್ಯಾಹ್ನದ ನಿದ್ದೆಯಿಂದ ಏಳಲಿಲ್ಲವಂತೆ. ಆ ಒಂದು ಊರಿನ ಹೆಸರು ಮಾತ್ರ ಗೋಡೆಯ ಮೇಲೆ ಬರಲಿಲ್ಲ. ನಿಮ್ಮ ತಾತ ಇದ್ದಾಗ ಒಮ್ಮೆ ಹೋಗೋಣ ಎಂದುಕೊಂಡೆವು. ಅದು ಇದು ಎಂದು ಆಗಲಿಲ್ಲ. ಸಿಂಧು, ನಿನ್ನ ಕಾಲು ಗಟ್ಟಿಯಿದೆ. ರಜೆಯಲ್ಲಿ ತಮ್ಮ ತಂಗಿಯರನ್ನು ಕರೆದುಕೊಂಡು ಆ ಕುರಿಹಾದಿಯಲ್ಲಿ ಹೋಗಿ ನೋಡಿ, ಬಂದು ನನಗೆ ಹೇಳಿ, ನಾನು ಬರೆಯುತ್ತೇನೆ. ದಾರಿಯಲ್ಲಿ ಸಿಕ್ಕವರನ್ನು ಹೇಗಿದ್ದೀರಿ ಎಂದು ಕೇಳುವುದನ್ನು ಮರೆಯಬೇಡಿ.

ಆ ಗೋಡೆಗಳೆಲ್ಲ ಸುಣ್ಣಕ್ಕೂ ಮಳೆಗೂ ಹೋದವು. ಉಳಿದಿರುವುದು ಈ ಹಾಳೆಗಳು. ಇವನ್ನು ಅಟ್ಟದ ತಗಡಿನ ಪೆಟ್ಟಿಗೆಯಲ್ಲಿ, ಗೆದ್ದಲು ಹಿಡಿಯದ ಹಾಗೆ ಬೇವಿನ ಸೊಪ್ಪು ಹಾಕಿ ಜೋಪಾನವಾಗಿಡಿ, ಮಕ್ಕಳೇ. ಹಿಂದಲಬೋರೆಯವರ ಕೈಗೆ ಮಾತ್ರ ಸಿಗದಂತೆ ನೋಡಿಕೊಳ್ಳಿ. ಅವರು ಈಗಲೂ ಆ ಮೀನಿಗೆ ಕಾಯಿ ಒಡೆಯುತ್ತಿದ್ದಾರೆ.